ಮತ್ಸ್ಯಕನ್ಯೆಯರ ಲೋಕ ಕಟ್ಟುವುದು ಹೇಗೆ? ಮೊದಲು ನೀರನ್ನು ಆರಿಸಿಕೊಳ್ಳಿ

ಮತ್ಸ್ಯಕನ್ಯೆಯರ ಕಥೆ ಬರೆಯೋಣ ಅಂತ ಕೂತವರು ಮೊದಲು ಬರೆಯುವುದು ಕೂದಲ ಬಗ್ಗೆ. ಆಮೇಲೆ ಬಾಲದ ಬಣ್ಣ, ಮುತ್ತಿನ ಹಾರ, ಹವಳದ ಅರಮನೆ, ಅರಮನೆಯೊಳಗೆ ಒಬ್ಬ ಸಿಟ್ಟಿನ ರಾಜ. ನಾನೂ ಹಾಗೇ ಶುರು ಮಾಡಿದ್ದೆ. ಮೂರನೇ ಅಧ್ಯಾಯಕ್ಕೆ ಕಥೆ ನಿಂತುಹೋಯಿತು. ನನ್ನ ಜನ ನೀರೊಳಗೆ ಇದ್ದರು, ಆದರೆ ಅವರ ಬದುಕಿನಲ್ಲಿ ನೀರೇ ಇರಲಿಲ್ಲ. ಅರಮನೆಗೆ ಮೆಟ್ಟಿಲಿತ್ತು. ಈಜುವವರಿಗೆ ಮೆಟ್ಟಿಲು ಯಾಕೆ? ಆ ಪ್ರಶ್ನೆ ಒಂದು ಸಲ ತಲೆಗೆ ಬಂದ ಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಬೇಕಾಯಿತು.

ಎರಡನೇ ಸಲ ಕಟ್ಟಿದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಫ್ಯಾಂಟಸಿ ಕಥೆ, ಕಾದಂಬರಿ, ಆಟ, ಕಾಮಿಕ್ಸ್ ಏನೇ ಮಾಡುತ್ತಿದ್ದರೂ ಈ ಕ್ರಮ ಕೆಲಸಕ್ಕೆ ಬರುತ್ತದೆ. ಹಿಡಿದುಕೊಳ್ಳಬೇಕಾದ ಎಳೆ ಒಂದೇ. ಎಂಥ ನೀರು ಅನ್ನುವುದರಿಂದ ದೇಹ ಹುಟ್ಟಬೇಕು, ದೇಹದಿಂದ ಸಂಸಾರ, ಸಂಸಾರದಿಂದ ಊರು. ಹಿಂದುಮುಂದಾದರೆ ಭೂಮಿಯ ಊರನ್ನೇ ನೀರಲ್ಲಿ ಮುಳುಗಿಸಿದ ಹಾಗಾಗುತ್ತದೆ.

ಹೆಜ್ಜೆ 1: ಜನಕ್ಕೆ ಅವರದೇ ಹೆಸರು ಕೊಡಿ

ಮತ್ಸ್ಯಕನ್ಯೆ ಅಂದ ಕೂಡಲೇ ಓದುವವರ ಕಣ್ಣಿಗೆ ಬರುವುದು ಇಪ್ಪತ್ತರ ಹುಡುಗಿ. ಆ ಹುಡುಗಿಗೆ ಅಪ್ಪ ಇಲ್ವಾ? ಹಲ್ಲುದುರಿದ ಅಜ್ಜಿ? ಇನ್ನೂ ಮಾತು ಬರದ ತಮ್ಮ? ಸಮಾಜ ಅಂದ ಮೇಲೆ ಇವರೆಲ್ಲ ಬೇಕು. ಹಾಗಾಗಿ 'ಮತ್ಸ್ಯಕನ್ಯೆ' ಅನ್ನುವುದು ದಡದ ಜನ ಕರೆಯುವ ಹೆಸರಾಗಿ ಉಳಿಯಲಿ. ಅವರು ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಾರೆ ಅಂತ ಯೋಚಿಸಿ. ನನ್ನ ಕಥೆಯಲ್ಲಿ ಅವರು ನೀರೊಕ್ಕಲು. ಒಕ್ಕಲು ಅನ್ನುವ ಒಂದೇ ಮಾತಿನಲ್ಲಿ ಮನೆ, ದುಡಿಮೆ, ನೆಲೆ ಮೂರೂ ಬಂದುಬಿಡುತ್ತವೆ. ನಮ್ಮನ್ನು ಅವರು 'ಒಣಗಿದವರು' ಅನ್ನುತ್ತಾರೆ. ಈ ಎರಡು ಹೆಸರು ಸಿಕ್ಕಿದ ದಿನ ಕಥೆಯ ಅರ್ಧ ದಾರಿ ಕಂಡಂತಾಯಿತು.

ಹೆಜ್ಜೆ 2: ಯಾವ ನೀರು?

ಸಮುದ್ರ ಅಂದರೆ ಒಂದೇ ಜಾಗ ಅಲ್ಲ. ಹಿಮಗಡ್ಡೆ ತೇಲುವ ಉತ್ತರದ ಕಡಲಿಗೂ ಲಕ್ಷದ್ವೀಪದ ಹವಳದ ನೀರಿಗೂ ಇರುವ ಅಂತರ ಮರುಭೂಮಿಗೂ ಆಗುಂಬೆಗೂ ಇರುವಷ್ಟಿದೆ. ಆಳವೂ ಹಾಗೇ. ಪ್ರತಿ 10 ಮೀಟರ್ ಇಳಿದಾಗ ಇನ್ನೊಂದು ವಾತಾವರಣದಷ್ಟು ಒತ್ತಡ ಮೈಮೇಲೆ ಬಂದು ಕೂರುತ್ತದೆ. ಪಾಚಿ ಬೆಳೆಯುವಷ್ಟು ಬಿಸಿಲು ಹೆಚ್ಚೆಂದರೆ ಸುಮಾರು 200 ಮೀಟರ್ ತನಕ. 1000 ಮೀಟರ್ ದಾಟಿದರೆ ಸೂರ್ಯನ ಬೆಳಕು ಇಲ್ಲವೇ ಇಲ್ಲ. ಅಷ್ಟು ಆಳದಲ್ಲಿ ಹುಟ್ಟಿ ಬೆಳೆದವರ ಭಾಷೆಯಲ್ಲಿ 'ಬೆಳಗಾಯಿತು' ಅನ್ನುವ ಮಾತು ಯಾಕಿರುತ್ತದೆ?

ನನ್ನ ಸಲಹೆ ಇಷ್ಟು. ನಿಜವಾದ ಒಂದು ಕಡಲನ್ನು ಮಾದರಿಗೆ ತಗೊಳ್ಳಿ. ಹೆಸರು ಬದಲಿಸಿ, ದ್ವೀಪ ಸೇರಿಸಿ, ಮಾಯಾಮಂತ್ರ ಬೇಕಾದರೆ ಬೆರೆಸಿ, ಆದರೆ ನೀರಿನ ಸ್ವಭಾವವನ್ನು ಇದ್ದ ಹಾಗೇ ಬಿಡಿ. ನಾನು ಆರಿಸಿಕೊಂಡಿದ್ದು ನಮ್ಮ ಅರಬ್ಬೀ ಸಮುದ್ರ, ಕಾರವಾರದಿಂದ ಮಂಗಳೂರಿನ ತನಕದ ತೀರ. ಅದರ ಬಗ್ಗೆ ಓದುತ್ತಾ ಹೋದಾಗ ಎರಡು ಸಂಗತಿ ಸಿಕ್ಕವು. ನನ್ನ ಇಡೀ ಕಥೆ ಅವುಗಳಿಂದಲೇ ಹುಟ್ಟಿತು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲನೆಯದು. ಅರಬ್ಬೀ ಸಮುದ್ರದಲ್ಲಿ ಸುಮಾರು 150 ಮೀಟರ್ ಆಳದಿಂದ 1000 ಮೀಟರ್‌ವರೆಗೆ ಆಮ್ಲಜನಕ ತೀರಾ ಕಡಿಮೆ ಇರುವ ಒಂದು ದಪ್ಪ ಪದರ ಇದೆ. ಜಗತ್ತಿನಲ್ಲೇ ದೊಡ್ಡದು ಅನ್ನಬಹುದಾದ ಇಂಥ ಪದರಗಳಲ್ಲಿ ಇದೂ ಒಂದು. ಮೇಲಿನ ನೀರಿನಲ್ಲಿ ಬೆಳೆದ ಸೂಕ್ಷ್ಮ ಪಾಚಿ ಸತ್ತು ಕೆಳಗೆ ಇಳಿಯುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಅಲ್ಲಿನ ಆಮ್ಲಜನಕವನ್ನು ತಿಂದು ಮುಗಿಸುತ್ತವೆ. ಹೊಸ ನೀರು ಬಂದು ಸೇರುವುದು ನಿಧಾನ.

ಎರಡನೆಯದು. ಮುಂಗಾರಿನ ದಿನಗಳಲ್ಲಿ ಗಾಳಿ ಮತ್ತು ಸೆಳೆತ ಸೇರಿ ಕೆಳಗಿನ ತಣ್ಣೀರನ್ನು ತೀರದ ಕಡೆಗೆ, ಮೇಲಕ್ಕೆ ತರುತ್ತವೆ. ಆ ನೀರಿನಲ್ಲಿ ಸತ್ವ ಜಾಸ್ತಿ, ಅದಕ್ಕೇ ಮಳೆ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಮೀನೂ ಜಾಸ್ತಿ. ಆದರೆ ಆಮ್ಲಜನಕ ಕಡಿಮೆ. ಮೇಲುಗಡೆ ಮಳೆಯ ನೀರು, ಶರಾವತಿ, ಅಘನಾಶಿನಿ, ನೇತ್ರಾವತಿಯಂಥ ಹೊಳೆಗಳ ಸಿಹಿನೀರು ತೆಳ್ಳಗೆ ಹಾಸಿಕೊಂಡಿರುತ್ತದೆ, ಅದು ಮುಚ್ಚಳದ ಹಾಗೆ. ಕೆಳಗಿನ ನೀರಿಗೆ ಗಾಳಿ ತಾಗುವುದಿಲ್ಲ. ಆಗಸ್ಟಿನಿಂದ ಅಕ್ಟೋಬರಿನ ಹೊತ್ತಿಗೆ ತೀರದ ಹತ್ತಿರ, ಅಷ್ಟೇನೂ ಆಳವಿಲ್ಲದ ಕಡೆಯಲ್ಲೂ ತಳದ ನೀರು ಉಸಿರುಗಟ್ಟಿಸುವಂತಾಗುತ್ತದೆ.

ನೀರೊಕ್ಕಲಿನವರು ಆ ಪದರಕ್ಕೆ 'ಉಸಿರಿಲ್ಲದ್ದು' ಅನ್ನುತ್ತಾರೆ. ಅದು ಅವರ ಪಾತಾಳ. ವರ್ಷಕ್ಕೊಂದು ಸಲ ಪಾತಾಳವೇ ಎದ್ದು ಮನೆಬಾಗಿಲಿಗೆ ಬರುತ್ತದೆ.

ಹೆಜ್ಜೆ 3: ಉಸಿರು ಹೇಗೆ?

ಇಲ್ಲಿ ಜನ ಎಡವುವುದು ಜಾಸ್ತಿ. 'ಅವರಿಗೆ ಶ್ವಾಸಕೋಶವೂ ಇದೆ, ಕಿವಿರೂ ಇದೆ' ಅಂತ ಬರೆದು ಮುಂದೆ ಹೋಗಿಬಿಡುತ್ತಾರೆ. ಎರಡೂ ಪುಕ್ಕಟೆ ಸಿಕ್ಕಿದರೆ ಕಥೆಗೆ ಭಯವೇ ಇರುವುದಿಲ್ಲ. ಒಂದನ್ನು ಆರಿಸಿ. ಎರಡೂ ಬೇಕೇ ಬೇಕು ಅಂದರೆ ಅದಕ್ಕೊಂದು ಬೆಲೆ ಇಡಿ.

ಶ್ವಾಸಕೋಶ ಆರಿಸಿದರೆ ನಿಮ್ಮ ಜನ ಡಾಲ್ಫಿನ್, ಕಡಲಹಸುಗಳ (ಡುಗಾಂಗ್) ಬಳಗ. ಕಡಲಹಸು ನಮ್ಮ ದೇಶದಲ್ಲಿ ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ, ಕಛ್ ಕೊಲ್ಲಿ ಮತ್ತು ಅಂಡಮಾನಿನಲ್ಲಿ ಇದೆ. ಕಡಲ ಹುಲ್ಲು ಮೇಯುತ್ತದೆ, ಕೆಲವು ನಿಮಿಷಕ್ಕೊಮ್ಮೆ ಮೇಲೆ ಬಂದು ಉಸಿರೆಳೆದು ಹೋಗುತ್ತದೆ. 1493ರ ಜನವರಿಯಲ್ಲಿ ಕೊಲಂಬಸ್ ಕೆರಿಬಿಯನ್ ನೀರಿನಲ್ಲಿ ಮೂವರು ಮತ್ಸ್ಯಕನ್ಯೆಯರನ್ನು ಕಂಡೆ, ಚಿತ್ರದಲ್ಲಿ ಬರೆಯುವಷ್ಟು ಚೆಂದ ಇರಲಿಲ್ಲ ಅಂತ ಬರೆದಿಟ್ಟ. ಅವು ಕಡಲಹಸುವಿನ ಹತ್ತಿರದ ಬಂಧುಗಳಾದ ಮನಾಟಿಗಳಿರಬೇಕು ಅಂತ ಇವತ್ತಿನ ಅಭಿಪ್ರಾಯ. ಮೇಲೆ ಬರಲೇಬೇಕು ಅನ್ನುವ ಒಂದೇ ಕಾರಣಕ್ಕೆ ಅವು ಮನುಷ್ಯರ ಕಣ್ಣಿಗೆ ಬಿದ್ದವು ಅನ್ನುವುದನ್ನು ಗಮನಿಸಿ. ಶ್ವಾಸಕೋಶ ಇರುವ ಜನ ಗುಟ್ಟಾಗಿ ಬದುಕುವುದು ಕಷ್ಟ.

ಈ ದಾರಿ ಹಿಡಿಯುವವರು ಉಸಿರು ಕಟ್ಟಿ ಮುಳುಗುವ ನಿಜವಾದ ಮನುಷ್ಯರ ಬಗ್ಗೆ ಖಂಡಿತ ಓದಬೇಕು. ಆಗ್ನೇಯ ಏಷ್ಯಾದ ಬಜಾವ್ ಜನರ ಗುಲ್ಮ (ಹೊಟ್ಟೆಯ ಎಡಗಡೆ ಇರುವ ಅಂಗ, ಸ್ಪ್ಲೀನ್) ಅವರ ಪಕ್ಕದ ಭೂಮಿಯ ಜನರಿಗಿಂತ ಸುಮಾರು ಅರ್ಧದಷ್ಟು ದೊಡ್ಡದಿದೆ ಅಂತ 2018ರ ಒಂದು ಅಧ್ಯಯನ ತೋರಿಸಿತು. ಮುಳುಗಿದಾಗ ಗುಲ್ಮ ಹಿಂಡಿಕೊಂಡು, ತಾನು ಕೂಡಿಟ್ಟ ಕೆಂಪು ರಕ್ತಕಣಗಳನ್ನು ಹೊರಗೆ ಬಿಡುತ್ತದೆ. ಕೊರಿಯಾದ ಜೆಜು ದ್ವೀಪದ ಹೇನ್ಯೊ ಹೆಂಗಸರು ಸಿಲಿಂಡರ್ ಇಲ್ಲದೆ ಮುಳುಗಿ ಶಂಖ, ಚಿಪ್ಪು, ಕಡಲಪಾಚಿ ಕೀಳುತ್ತಾರೆ. ಮೇಲೆ ಬಂದ ತಕ್ಷಣ ಸಿಳ್ಳೆಯಂತೆ ಉಸಿರು ಬಿಡುತ್ತಾರೆ. ಅನುಭವದ ಮೇಲೆ ಅವರೊಳಗೆ ಮೂರು ದರ್ಜೆಗಳಿವೆ. ನೋಡಿ, ಉಸಿರು ಕಟ್ಟಿ ಮುಳುಗುವ ಅನುಭವದಿಂದ ಒಂದು ಸಮಾಜದ ಏಣಿ ಹುಟ್ಟಿಬಿಟ್ಟಿದೆ. ನಿಮ್ಮ ಕಥೆಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಾ?

ನಾನು ಕಿವಿರು ಆರಿಸಿದೆ. ಲೆಕ್ಕ ಹೀಗಿದೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕ ಇರುತ್ತದೆ. ಬೆಚ್ಚಗಿನ ಕಡಲ ನೀರಿನ ಒಂದು ಲೀಟರಿನಲ್ಲಿ 5ರ ಆಸುಪಾಸು. ಮನುಷ್ಯನ ಮಿದುಳೊಂದೇ ಕೂತಲ್ಲೇ ದೇಹದ ಶಕ್ತಿಯ ಐದನೇ ಒಂದು ಪಾಲು ತಿನ್ನುತ್ತದೆ. ಅಂಥ ಮಿದುಳು ಇಟ್ಟುಕೊಂಡು ಕಿವಿರಿನಲ್ಲಿ ಬದುಕಬೇಕಾದರೆ ಕುತ್ತಿಗೆಯ ಪಕ್ಕ ಮೂರು ಸೀಳು ಸಾಲದು. ನೀರೊಕ್ಕಲಿನವರ ಕಿವಿರು ಕಂಕುಳಿನಿಂದ ಸೊಂಟದ ತನಕ ಇದೆ. ಪಕ್ಕೆಲುಬಿನ ಮೇಲೆ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಳ್ಳುತ್ತದೆ. ಮೈ ಬಿಸಿ ಇಟ್ಟುಕೊಳ್ಳುವ ಖರ್ಚು ಅವರಿಗಿಲ್ಲ, ಸುತ್ತಲಿನ ನೀರೇ 28 ಡಿಗ್ರಿ ಬೆಚ್ಚಗಿದೆ. ಅವರು ಅವಸರ ಮಾಡುವುದಿಲ್ಲ. ಓಡಿದರೆ ಉಸಿರು ಸಾಲದು. ಹಾಗಾಗಿ ಅವರಲ್ಲಿ ಅವಸರ ಅನ್ನುವುದು ಅಸಭ್ಯತೆ. ಹತ್ತಿರ ಕೂತವರ ನೀರನ್ನು ಕದ್ದಂತೆ. ಇದು ನಾನು ಕೂತು ಕಲ್ಪಿಸಿದ ಸಂಪ್ರದಾಯ ಅಲ್ಲ, ಲೆಕ್ಕ ಮಾಡುತ್ತಾ ಹೋದಾಗ ತಾನಾಗಿ ಬಂದಿದ್ದು.

ಹೆಜ್ಜೆ 4: ಬಾಲ ಮತ್ತು ಮೈ

ಇದು ಚಿಕ್ಕ ಹೆಜ್ಜೆ. ಮೀನಿನ ಬಾಲ ಎಡಕ್ಕೆ ಬಲಕ್ಕೆ ಆಡುತ್ತದೆ, ತಿಮಿಂಗಿಲ-ಡಾಲ್ಫಿನ್ ಬಾಲ ಮೇಲೆ ಕೆಳಗೆ. ಮನುಷ್ಯನ ಬೆನ್ನು ಬಗ್ಗುವುದೂ ಮುಂದೆ ಹಿಂದೆ ಜಾಸ್ತಿ, ಹಾಗಾಗಿ ಅರ್ಧ ಮನುಷ್ಯ ದೇಹಕ್ಕೆ ಎರಡನೆಯದೇ ಹೊಂದುತ್ತದೆ. ತಣ್ಣನೆಯ ಕಡಲು ಆರಿಸಿದ್ದರೆ ತೆಳ್ಳಗಿನ ಸೊಂಟ ಮರೆತುಬಿಡಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಅಲ್ಲಿನ ಬಿಸಿರಕ್ತದವರು ದಪ್ಪ ಕೊಬ್ಬಿನ, ಗುಂಡಗಿನ ಜನ. ಅವರ ಕಣ್ಣಲ್ಲಿ ಅದೇ ಚೆಲುವು.

ಹಳೇಬೀಡಿನ ಗೋಡೆಯ ಕೆಳಸಾಲಿನಲ್ಲಿ ಮಕರ ನೋಡಿರುತ್ತೀರಿ. ಸೊಂಡಿಲು ಆನೆಯದು, ಬಾಯಿ ಮೊಸಳೆಯದು, ಬಾಲ ನವಿಲಿನ ಹಾಗೆ ಬಳ್ಳಿಬಳ್ಳಿಯಾಗಿ ಬಿಚ್ಚಿಕೊಂಡಿದೆ. ಎಲ್ಲೂ ಹೊಲಿಗೆ ಕಾಣುವುದಿಲ್ಲ. ಆ ಶಿಲ್ಪಿ ಸೇರುವ ಜಾಗವನ್ನು ಎಷ್ಟು ಮನಸ್ಸಿಟ್ಟು ಕಡೆದಿದ್ದಾನೆ ಅಂತ ಹತ್ತಿರ ನಿಂತು ನೋಡಿ. ನಿಮ್ಮ ಮತ್ಸ್ಯಕನ್ಯೆಯ ಸೊಂಟವನ್ನೂ ಹಾಗೇ ಬರೆಯಬೇಕು. ಅಲ್ಲಿ ಚರ್ಮ ಎಲ್ಲಿ ಮುಗಿಯುತ್ತದೆ, ಹುರುಪೆ ಎಲ್ಲಿ ಶುರುವಾಗುತ್ತದೆ, ಮಧ್ಯದಲ್ಲಿ ಕೆರೆತ ಆಗುತ್ತದಾ?

ನೀರಲ್ಲಿ ನಿಂತ ಯಾವುದಕ್ಕೂ ಏನಾದರೂ ಅಂಟಿಕೊಳ್ಳುತ್ತದೆ. ದೋಣಿಯ ತಳ ಕೆರೆಯುವವರನ್ನು ಕೇಳಿ. ಹವಳದ ದಿಬ್ಬದಲ್ಲಿ ದೊಡ್ಡ ಮೀನುಗಳ ಮೈ ಶುಚಿ ಮಾಡುವುದೇ ಕೆಲವು ಚಿಕ್ಕ ಮೀನುಗಳ ಕಸುಬು. ನನ್ನ ಊರಲ್ಲಿ ಬಾಲ ಕೆರೆಯುವವರ ಒಂದು ಮನೆತನ ಇದೆ, ಊರಿನ ಎಲ್ಲ ಗುಟ್ಟೂ ಅವರಿಗೆ ಗೊತ್ತು.

ಹೆಜ್ಜೆ 5: ಕಣ್ಣು, ಕಿವಿ, ಮಾತು

ನೇತ್ರಾಣಿ ದ್ವೀಪದ ಹತ್ತಿರ ಮೊದಲ ಸಲ ಸ್ಕೂಬಾಗೆ ಇಳಿದಾಗ ನನ್ನ ಮಣಿಕಟ್ಟಿನಲ್ಲಿ ಜಾತ್ರೆಯಲ್ಲಿ ಕಟ್ಟಿಸಿಕೊಂಡ ಕೆಂಪು ದಾರ ಇತ್ತು. ಇಳಿಯುತ್ತಾ ಹೋದಂತೆ ಅದು ಇಟ್ಟಿಗೆ ಬಣ್ಣಕ್ಕೆ ಬಂತು, ಆಮೇಲೆ ಮಣ್ಣಿನ ಬಣ್ಣ, ಹತ್ತು ಮೀಟರಿನ ಹೊತ್ತಿಗೆ ಕಂದುಬೂದು. ದಾರ ಒದ್ದೆಯಾಗಿ ಬಣ್ಣ ಬಿಟ್ಟಿತೇನೋ ಅಂದುಕೊಂಡೆ. ಮೇಲೆ ಬಂದಾಗ ಮತ್ತೆ ಕೆಂಪು. ನೀರು ಮೊದಲು ನುಂಗುವುದೇ ಕೆಂಪು ಬೆಳಕನ್ನು, ಕೊನೆಯ ತನಕ ಉಳಿಯುವುದು ನೀಲಿ. ಆವತ್ತು ಇನ್ನೊಂದು ಗೊತ್ತಾಯಿತು. ದೂರದಲ್ಲಿ ಹೋಗುತ್ತಿದ್ದ ದೋಣಿಯ ಎಂಜಿನ್ ಸದ್ದು ತಲೆಯ ಒಳಗೇ ಇದ್ದಂತೆ ಕೇಳಿಸಿತು. ಯಾವ ಕಡೆಯಿಂದ ಅಂತ ಹೇಳಲು ಆಗಲೇ ಇಲ್ಲ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ನೀರಲ್ಲಿ ಸುಮಾರು 1500 ಮೀಟರ್. ಎರಡೂ ಕಿವಿಗೆ ಹೆಚ್ಚುಕಡಿಮೆ ಒಟ್ಟಿಗೇ ಬಂದುಬಿಡುತ್ತದೆ, ನಮ್ಮ ಕಿವಿಗೆ ದಿಕ್ಕು ತಪ್ಪುತ್ತದೆ.

ಈಗ ಇದನ್ನು ಭಾಷೆಗೆ ತನ್ನಿ. ಆಳದಲ್ಲಿ ರಕ್ತ ಕಪ್ಪುಹಸಿರಾಗಿ ಕಾಣುತ್ತದೆ. ಹಾಗಾದರೆ 'ರಕ್ತದಂತೆ ಕೆಂಪು' ಅನ್ನುವ ಮಾತು ಅವರಿಗೆ ಬರುವುದಿಲ್ಲ. ನೀರೊಕ್ಕಲಿನ ಭಾಷೆಯಲ್ಲಿ ರಕ್ತಕ್ಕೆ ಇರುವುದು ವಾಸನೆಯ ಹೆಸರು. ಕೆಂಪಿಗೆ ಒಂದು ಪದ ಇದೆ, ಆದರೆ ಅದರ ಅರ್ಥ 'ತೀರಾ ಮೇಲೆ ಬಂದುಬಿಟ್ಟೆ' ಅಂತ. ಅಪಾಯ ಅನ್ನುವುದಕ್ಕೂ ಅದೇ ಪದ.

ಮಾತಾಡುವುದು ಹೇಗೆ? ಕಿವಿರಿನವರ ಗಂಟಲಲ್ಲಿ ಗಾಳಿ ಹಾಯುವುದಿಲ್ಲ, ಹಾಗಾಗಿ ನಮ್ಮಂಥ ದನಿ ಇಲ್ಲ. ಹೆದರಬೇಡಿ, ಮೀನುಗಳು ಮೂಕ ಅಲ್ಲ. ಹಲವು ಮೀನುಗಳು ಹೊಟ್ಟೆಯೊಳಗಿನ ಗಾಳಿಚೀಲವನ್ನು ಸ್ನಾಯುವಿನಿಂದ ನಡುಗಿಸಿ ಡೋಲು ಬಡಿದಂತೆ ಸದ್ದು ಮಾಡುತ್ತವೆ. ಮಲೇಷ್ಯಾದ ಹಳೆಯ ಮೀನುಗಾರರು ನೀರಲ್ಲಿ ತಲೆ ಮುಳುಗಿಸಿ ಆ ಸದ್ದು ಕೇಳಿ ಬಲೆ ಬೀಸುತ್ತಿದ್ದರು. ನನ್ನ ಜನರ ಮಾತೂ ಅದೇ. ಅವರು ಮಾತಾಡುವುದು ಎದೆಗೂಡಿನ ಕೆಳಗಿನಿಂದ, ಕೇಳುವುದು ಮೈಯಿಡೀ. ದಡದ ಕಥೆಗಳಲ್ಲಿ ಬರುವ ಮತ್ಸ್ಯಕನ್ಯೆಯ 'ಹಾಡು' ನಿಜಕ್ಕೂ ದೋಣಿಯ ಹಲಗೆ ಮೂಲಕ ಅಂಗಾಲಿಗೆ ಬರುವ ನಡುಕ. ಹೆಸರಿನ ವಿಷಯದಲ್ಲಿ ಡಾಲ್ಫಿನ್‌ಗಳಿಂದ ಒಂದು ಎರವಲು ತಂದೆ. ಅವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಸಿಳ್ಳೆ ಇರುತ್ತದೆ, ಅದು ಹೆಸರಿನ ಹಾಗೆ ಬಳಕೆಯಾಗುತ್ತದೆ. ನೀರೊಕ್ಕಲಿನಲ್ಲಿ ಒಬ್ಬರ ಹೆಸರು ಒಂದು ತಾಳ. ಸತ್ತವರ ತಾಳವನ್ನು ಒಂದು ವರ್ಷ ಯಾರೂ ಬಡಿಯುವುದಿಲ್ಲ.

ಹೆಜ್ಜೆ 6: ಬೆಂಕಿ ಇಲ್ಲದ ಮನೆ

ಒಂದು ಹಾಳೆ ತಗೊಂಡು ಬೆಂಕಿಯಿಂದ ನಮಗೆ ಸಿಕ್ಕಿದ್ದೆಲ್ಲ ಬರೆಯಿರಿ. ಅಡುಗೆ, ಮಡಕೆ, ಇಟ್ಟಿಗೆ, ಗಾಜು, ಕಬ್ಬಿಣ, ದೀಪ. ಈಗ ಎಲ್ಲವನ್ನೂ ಹೊಡೆದುಹಾಕಿ. ಉಳಿಯುವುದು ಕಲ್ಲು, ಮೂಳೆ, ಚಿಪ್ಪು, ಹಲ್ಲು, ನಾರು. ಹಾಗಂತ ಬಡತನ ಅಲ್ಲ. ಮೆಡಿಟರೇನಿಯನ್ ತೀರದಲ್ಲಿ ದೊಡ್ಡ ಚಿಪ್ಪಿನ ಪ್ರಾಣಿ ಕಲ್ಲಿಗೆ ಅಂಟಿಕೊಳ್ಳಲು ಬಿಡುವ ದಾರದಿಂದ ಹೊಂಬಣ್ಣದ ಬಟ್ಟೆ ನೇಯುತ್ತಿದ್ದರು, ಅದಕ್ಕೆ ಕಡಲ ರೇಷ್ಮೆ ಅಂತಲೇ ಹೆಸರು. ಬೆಳಕಿಗೂ ದಾರಿ ಇದೆ. ನಮ್ಮ ಕರಾವಳಿಯಲ್ಲೂ ಕೆಲವು ರಾತ್ರಿ ಅಲೆ ಒಡೆದಲ್ಲೆಲ್ಲ ನೀಲಿ ಮಿಂಚುತ್ತದೆ, ಅದು ಅಲುಗಾಡಿದಾಗ ಹೊಳೆಯುವ ಸೂಕ್ಷ್ಮಜೀವಿಗಳ ಕೆಲಸ. ನೀರೊಕ್ಕಲಿನಲ್ಲಿ ಆ ರಾತ್ರಿ ಯಾರೂ ಈಜುವುದಿಲ್ಲ. ಅಲುಗಾಡಿದರೆ ಮೈಯ ಆಕಾರವೇ ಬೆಳಕಾಗಿ ಕಂಡುಬಿಡುತ್ತದೆ, ಬೇಟೆಗಾರನಿಗೂ ಕಾಣುತ್ತದೆ.

ಮುತ್ತು, ಕವಡೆಗೆ ಅಲ್ಲಿ ಬೆಲೆ ಇರಬಾರದು. ನಮ್ಮಲ್ಲಿ ಮರಳಿಗೆ ಇರುವಷ್ಟೇ ಇರಲಿ. ಕೈಗೆ ಸಿಗದಿದ್ದಕ್ಕೆ ಬೆಲೆ. ಮರದ ತುಂಡು, ತುಕ್ಕು ಹಿಡಿಯದ ಚಾಕು, ಗಾಜಿನ ಬಾಟಲಿ. ನಾನು ಒಂದು ಸ್ಟೀಲ್ ಲೋಟವನ್ನು ಊರಿನ ದೊಡ್ಡ ಆಸ್ತಿ ಮಾಡಿದ್ದೇನೆ. ಅದು ನಾಣ್ಯ ಅಲ್ಲ, ಆಯುಧ ಅಲ್ಲ. ತಲೆಕೆಳಗೆ ಹಿಡಿದರೆ ಅದರೊಳಗೆ ಒಂದು ಹಿಡಿ ಗಾಳಿ ನಿಲ್ಲುತ್ತದೆ. ಮಕ್ಕಳಿಗೆ ಅದನ್ನು ವರ್ಷಕ್ಕೊಮ್ಮೆ ತೋರಿಸುತ್ತಾರೆ.

ಬರಹ ಬೇಕಾದರೆ ಶಾಯಿ ಬಿಡಿ, ಗಂಟು ಹಾಕಿದ ಹಗ್ಗವೋ ಕಲ್ಲಿನ ಗೀರೋ ನೋಡಿ.

ಹೆಜ್ಜೆ 7: ಮಕ್ಕಳು ಮತ್ತು ಹಿರಿಯರು

ಸಂಸಾರ ಕಟ್ಟುವಾಗ ಕಡಲಲ್ಲಿ ಇರುವ ವೈವಿಧ್ಯ ನೋಡಿದರೆ ನಮ್ಮ ಅಪ್ಪ-ಅಮ್ಮ-ಎರಡು ಮಕ್ಕಳ ಅಳತೆ ತೀರಾ ಚಿಕ್ಕದು ಅನಿಸುತ್ತದೆ. ಕಡಲಕುದುರೆಯಲ್ಲಿ ಗರ್ಭ ಹೊರುವುದು ಗಂಡು. ಕ್ಲೌನ್ ಮೀನಿನ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅವಳು ಸತ್ತರೆ ಅವಳ ಜೋಡಿ ಗಂಡೇ ಹೆಣ್ಣಾಗುತ್ತದೆ. ಆಕ್ಟೋಪಸ್ ತಾಯಿ ಮೊಟ್ಟೆ ಕಾಯುತ್ತಾ ಊಟ ಬಿಟ್ಟು, ಮರಿ ಹೊರಬರುವ ಹೊತ್ತಿಗೆ ಸಾಯುತ್ತಾಳೆ. ತಾಯಿಯನ್ನೇ ಯಾರೂ ನೋಡಿರದ ಒಂದು ಜನಾಂಗ ಹೇಗಿರಬಹುದು, ಅವರ ದೇವರು ಯಾರಿರಬಹುದು ಅಂತ ಸ್ವಲ್ಪ ಹೊತ್ತು ಕೂತು ಯೋಚಿಸಿ. ಅದೇ ಒಂದು ಬೇರೆ ಕಾದಂಬರಿ.

ನಾನು ಕ್ಲೌನ್ ಮೀನಿನ ಅಪ್ಪನನ್ನು ತಗೊಂಡೆ. ಅವನು ಮೊಟ್ಟೆಗಳ ಪಕ್ಕ ನಿಂತು ರೆಕ್ಕೆಯಿಂದ ಬೀಸುತ್ತಾ ಇರುತ್ತಾನೆ, ಮೊಟ್ಟೆಗೆ ಹೊಸ ನೀರು, ಹೊಸ ಆಮ್ಲಜನಕ ಸಿಗಲಿ ಅಂತ. ನೀರೊಕ್ಕಲಿನ ಗಂಡಸರಿಗೆ ಅದೇ ಕೆಲಸ. ಲಾಲಿ ಅಂದರೆ ಬೀಸುವ ತಾಳ. ಇನ್ನು ಉಸಿರಿಲ್ಲದ್ದು ಏರುವ ತಿಂಗಳಲ್ಲಿ ಮೊಟ್ಟೆ ಇದ್ದರೆ ಎಷ್ಟು ಬೀಸಿದರೂ ಪ್ರಯೋಜನ ಇಲ್ಲ, ಬೀಸಿದ ನೀರಲ್ಲೇ ಉಸಿರಿಲ್ಲ. ಹಾಗಾಗಿ ಇಡೀ ಊರಿನ ಮೊಟ್ಟೆಗಳು ಅದಕ್ಕೆ ಮೊದಲೇ ಒಡೆದಿರಬೇಕು. ಅದರಿಂದ ಏನಾಯಿತು ನೋಡಿ. ಊರಿನ ಎಲ್ಲ ಮಕ್ಕಳೂ ಒಂದೇ ತಿಂಗಳಲ್ಲಿ ಹುಟ್ಟುತ್ತಾರೆ. ಯಾರಿಗೂ ಬೇರೆ ಹುಟ್ಟುಹಬ್ಬ ಇಲ್ಲ. ಒಂದು ವರ್ಷದಲ್ಲಿ ಹುಟ್ಟಿದವರು ಒಂದು 'ಸಾಲು'. ಸಾಲಿನವರು ಸಾಯುವ ತನಕ ಒಬ್ಬರಿಗೊಬ್ಬರು ಒಡಹುಟ್ಟಿದವರಂತೆ, ಸಾಲಿನೊಳಗೆ ಮದುವೆ ಇಲ್ಲ. ಒಂದು ವರ್ಷ ಉಸಿರಿಲ್ಲದ್ದು ಬೇಗ ಏರಿದರೆ ಒಂದು ಇಡೀ ಸಾಲೇ ಇಲ್ಲವಾಗುತ್ತದೆ. ನನ್ನ ಕಥೆಯ ನಾಯಕಿ ಅಂಥ ಸಾಲಿನಲ್ಲಿ ಉಳಿದ ಒಬ್ಬಳೇ ಹುಡುಗಿ. ಅವಳು ಯಾರನ್ನು ಬೇಕಾದರೂ ಮದುವೆಯಾಗಬಹುದು. ಅವಳ ಜೊತೆ ಆಡಲು ಮಾತ್ರ ಯಾರೂ ಇಲ್ಲ.

ಹಿರಿಯರ ವಿಷಯಕ್ಕೆ ಓರ್ಕಾಗಳನ್ನು, ಅಂದರೆ ಕೊಲೆಗಾರ ತಿಮಿಂಗಿಲಗಳನ್ನು ನೋಡಿ. ಉತ್ತರ ಪೆಸಿಫಿಕ್‌ನ ಕೆಲವು ಓರ್ಕಾ ಕುಟುಂಬಗಳಲ್ಲಿ ಗಂಡು, ಹೆಣ್ಣು ಮಕ್ಕಳೆಲ್ಲ ಜೀವನಪೂರ್ತಿ ತಾಯಿಯ ಜೊತೆಗೇ ಇರುತ್ತಾರೆ. ಮುಟ್ಟು ನಿಂತ ಮುದುಕಿಯರು ಮುಂದೆ ಈಜಿ ದಾರಿ ತೋರಿಸುತ್ತಾರೆ, ಅದರಲ್ಲೂ ಸಾಲ್ಮನ್ ಮೀನು ಕಡಿಮೆ ಇರುವ ವರ್ಷ. ಬರಗಾಲದಲ್ಲಿ ಅಜ್ಜಿಯ ನೆನಪೇ ಊಟ. ನೀರೊಕ್ಕಲಿನಲ್ಲಿ ರಾಜ ಇಲ್ಲ. ಉಸಿರಿಲ್ಲದ್ದು ಯಾವ ವರ್ಷ ಎಲ್ಲಿ ತನಕ ಏರಿತ್ತು ಅಂತ ನೆನಪಿಟ್ಟುಕೊಂಡ ಮೂವರು ಅಜ್ಜಿಯರಿದ್ದಾರೆ. ಅವರು ಮೂವರೂ ಒಂದೇ ಮಾತು ಹೇಳಿದರೆ ಊರು ಏಳುತ್ತದೆ. ಬೇರೆ ಬೇರೆ ಹೇಳಿದ ವರ್ಷ ನನ್ನ ಕಥೆ ಶುರುವಾಗುತ್ತದೆ.

ಹೆಜ್ಜೆ 8: ಊರು, ಅಂತಸ್ತು, ಜಗಳ

ನೀರಲ್ಲಿ ಊರು ಅಡ್ಡಕ್ಕೆ ಮಾತ್ರ ಅಲ್ಲ, ಉದ್ದಕ್ಕೂ ಇರುತ್ತದೆ. ಬಾಗಿಲು ಮೇಲುಗಡೆ ಇದ್ದರೂ ಸರಿ, ಕೆಳಗಿದ್ದರೂ ಸರಿ. ಗೋಡೆ ಬೇಕಾಗುವುದು ಸೆಳೆತ ತಡೆಯಲು ಮತ್ತು ಬೆನ್ನಿಗೆ ಆಸರೆಯಾಗಲು, ಅಷ್ಟೇ.

ಗಾಳಿಚೀಲ ಇಟ್ಟೆವಲ್ಲ, ಅದು ಇಲ್ಲಿ ಕೆಲಸ ಮಾಡುತ್ತದೆ. 10 ಮೀಟರಿನಲ್ಲಿರುವ ಗಾಳಿ ಮೇಲ್ಮೈಗೆ ಬಂದರೆ ಎರಡರಷ್ಟಾಗುತ್ತದೆ. 70 ಮೀಟರಿನಿಂದ ಬಂದರೆ ಎಂಟರಷ್ಟು. ಆಳದಿಂದ ಗಾಳದಲ್ಲಿ ಬೇಗ ಎಳೆದ ಮೀನಿನ ಹೊಟ್ಟೆ ಉಬ್ಬಿ ಬಾಯಿಯಿಂದ ಹೊರಬಂದಿರುವುದನ್ನು ಮೀನುಗಾರರು ನೋಡಿರುತ್ತಾರೆ. ಅಂದರೆ ಕೆಳಮನೆಯವರು ಮನಸ್ಸಾದಾಗ ಮೇಲೆ ಬರಲಾಗದು, ಸ್ವಲ್ಪ ಸ್ವಲ್ಪವೇ ಹತ್ತಬೇಕು. ಮೇಲ್ಮನೆಯವರಿಗೆ ಒಳ್ಳೆಯ ನೀರು, ಬೆಳಕು, ಜೊತೆಗೆ ಬಲೆಯ ಭಯ. ಕೆಳಮನೆಯವರಿಗೆ ಬಲೆ ಸಿಗದು, ಆದರೆ ಉಸಿರಿಲ್ಲದ್ದು ಮೊದಲು ತಟ್ಟುವುದು ಅವರಿಗೇ. ಅದು ಏರಿದಾಗ ಅವರು ಮೇಲ್ಮನೆಯವರ ಹತ್ತಿರ ಜಾಗ ಕೇಳಬೇಕು. ಇರುವ ಆಮ್ಲಜನಕ ಅಷ್ಟೇ, ಕಿವಿರು ಎರಡರಷ್ಟು. ಯಾರನ್ನು ಬಿಟ್ಟುಕೊಳ್ಳುತ್ತೀರಿ? ಮಕ್ಕಳನ್ನು ಮಾತ್ರವೇ? ಕೆಲಸ ಬಲ್ಲವರನ್ನೇ? ಜಾತಿ, ವರ್ಗ, ಸಾಲ, ಋಣ, ಎಲ್ಲ ಜಗಳಗಳನ್ನೂ ಇಲ್ಲಿಂದ ಹುಟ್ಟಿಸಬಹುದು. ಸುಮ್ನೆ ಒಬ್ಬ ದುಷ್ಟ ಮಂತ್ರಿಯನ್ನು ತರುವ ಅಗತ್ಯ ಇಲ್ಲ.

ಹೆಜ್ಜೆ 9: ದಡದವರು ಯಾಕೆ ಬರುತ್ತಾರೆ?

ಥಾಯ್ಲೆಂಡಿನ ರಾಮಕಥೆಯಲ್ಲಿ ಸುವಣ್ಣಮಚ್ಛಾ ಅನ್ನುವ ಮತ್ಸ್ಯಕನ್ಯೆ ಇದ್ದಾಳೆ, ರಾವಣನ ಮಗಳು. ಹನುಮಂತ ಸೇತುವೆಗೆ ಹಾಕಿದ ಕಲ್ಲುಗಳನ್ನು ಅವಳ ಬಳಗ ರಾತ್ರೋರಾತ್ರಿ ಕದ್ದೊಯ್ಯುತ್ತದೆ. ಅವಳು ಬಂಡೆ ಮೇಲೆ ಕೂತು ಕೂದಲು ಬಾಚುತ್ತಿಲ್ಲ. ಅವಳಿಗೆ ಮಾಡಲು ಕೆಲಸ ಇದೆ, ಆ ಕೆಲಸಕ್ಕೆ ಕಾರಣ ಇದೆ. ನಿಮ್ಮವರು ದಡದ ಹತ್ತಿರ ಬರುವುದಕ್ಕೂ ಅಂಥದೇ ಗಟ್ಟಿ ಕಾರಣ ಬೇಕು. ರಾಜಕುಮಾರನ ಮುಖ ಅಷ್ಟಕ್ಕೆ ಸಾಲದು.

ನಮ್ಮ ತೀರದಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಂತ್ರದ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ನೀರೊಕ್ಕಲಿಗೆ ಅದು ಮೌನದ ಕಾಲ. ಎಂಜಿನ್ ಸದ್ದಿಲ್ಲದಾಗ ಒಂದು ಊರಿನ ಮಾತು ಇನ್ನೊಂದು ಊರಿಗೆ ಕೇಳಿಸುತ್ತದೆ, ಆಗ ಮದುವೆಗಳು ಗೊತ್ತಾಗುತ್ತವೆ, ಸತ್ತವರ ಸುದ್ದಿ ಮುಟ್ಟುತ್ತದೆ. ಆಗಸ್ಟಿನಲ್ಲಿ ದೋಣಿಗಳು ವಾಪಸ್ ಬರುತ್ತವೆ. ಅದೇ ಹೊತ್ತಿಗೆ ಕೆಳಗಿನಿಂದ ಉಸಿರಿಲ್ಲದ್ದು ಏರುತ್ತದೆ. ಮೇಲೆ ಬಲೆ, ಕೆಳಗೆ ಪಾತಾಳ, ಮಧ್ಯದಲ್ಲಿ ಕೆಲವು ಮಾರು ನೀರು. ಕ್ಯಾಲೆಂಡರ್ ಮೇಲೆ ಈ ಎರಡು ದಿನಾಂಕಗಳನ್ನು ಪಕ್ಕಪಕ್ಕ ಬರೆದಾಗ ನನಗೆ ಮೈ ಜುಮ್ಮೆಂದಿತು. ನಿಜದ ಮೀನುಗಳಿಗೂ ಪ್ರತಿ ವರ್ಷ ಆಗುವುದು ಇದೇ ಅಲ್ವಾ.

ದಡದವರನ್ನು ರಾಕ್ಷಸರನ್ನಾಗಿ ಮಾಡಬೇಡಿ. ಎರಡು ತಿಂಗಳು ಕೆಲಸವಿಲ್ಲದೆ, ಸಾಲದಲ್ಲಿ ಕೂತಿದ್ದು ಆಗಸ್ಟ್ ಒಂದನೇ ತಾರೀಕಿಗೆ ಬಲೆ ಹೊತ್ತು ಹೊರಟವನಿಗೂ ಮನೆ ಇದೆ.

ಹೆಜ್ಜೆ 10: ಒಂದು ಬೆಳಗು ಬರೆಯಿರಿ

ನಕ್ಷೆ, ವಂಶಾವಳಿ, ದೇವರ ಪಟ್ಟಿ ಎಲ್ಲ ಆಮೇಲೆ. ಇಲ್ಲಿ ತನಕ ತೀರ್ಮಾನ ಮಾಡಿದ್ದನ್ನು ಇಟ್ಟುಕೊಂಡು ಒಬ್ಬ ಸಾಮಾನ್ಯ ಮನುಷ್ಯನ ಒಂದು ಗಂಟೆ ಬರೆಯಿರಿ. ಯಾವುದನ್ನೂ ವಿವರಿಸಬೇಡಿ, ಬರೀ ನಡೆದಿದ್ದನ್ನು ಹೇಳಿ. ವಿವರಿಸಲೇಬೇಕು ಅನಿಸಿದ ಕಡೆ ಒಂದು ಗೆರೆ ಎಳೆಯಿರಿ, ಆ ಜಾಗದಲ್ಲಿ ಲೋಕ ಇನ್ನೂ ಗಟ್ಟಿಯಾಗಿಲ್ಲ ಅಂತ ಅರ್ಥ. ಆ ಹೆಜ್ಜೆಗೆ ವಾಪಸ್ ಹೋಗಿ. ನಾನು ಬರೆದ ತುಣುಕು ಇದು:

ಅವನು ರಾತ್ರಿಯಿಡೀ ಬೀಸುತ್ತಿದ್ದ. ಮೂರು ಬೀಸು, ಒಂದು ಬಿಡುವು. ಬೆಳಕು ನೀಲಿಗೆ ತಿರುಗುವ ಹೊತ್ತಿಗೆ ಬಾಲದ ತುದಿಗೆ ತಣ್ಣಗೆ ತಾಗಿತು. ಅವನು ಬೀಸುವುದನ್ನು ನಿಲ್ಲಿಸಿದ. ತಣ್ಣಗಿನದು ಇನ್ನು ಸ್ವಲ್ಪ ಏರಿತು, ಅದರ ಜೊತೆ ಕೊಳೆತ ಸೊಪ್ಪಿನ ವಾಸನೆ. ಮೊಟ್ಟೆಯೊಳಗೆ ಕಣ್ಣುಗಳು ಆಗಲೇ ಕಪ್ಪಾಗಿದ್ದವು, ಇನ್ನು ಎರಡು ದಿನದ ಮಾತು. ಅಜ್ಜಿಯರು ಇನ್ನೂ ಹತ್ತು ದಿನ ಇದೆ ಅಂದಿದ್ದರು. ಅವನು ಪಕ್ಕದ ಗೂಡಿನ ಕಡೆ ನೋಡಿದ. ಅಲ್ಲಿಯವನೂ ಬೀಸುವುದನ್ನು ನಿಲ್ಲಿಸಿ ಇವನನ್ನೇ ನೋಡುತ್ತಿದ್ದ. ಇಬ್ಬರೂ ಎದೆ ಬಡಿಯಲಿಲ್ಲ. ಬಡಿದರೆ ಊರೇ ಏಳುತ್ತದೆ, ಎದ್ದ ಊರು ಮೊಟ್ಟೆಗೆ ಕಾಯುವುದಿಲ್ಲ. ಅವನು ಮೊಟ್ಟೆ ಅಂಟಿದ್ದ ಕಲ್ಲಿನ ಅಂಚಿಗೆ ಬೆರಳು ಹಾಕಿ ಮೆಲ್ಲಗೆ ಎಬ್ಬಿಸತೊಡಗಿದ.